ಹಾವಿನ ಊಟಕ್ಕೆ ಮನೆಯಲ್ಲೇ ಇಲಿ ಸಾಕುವುದು: ಲೆಕ್ಕ ತಪ್ಪುವುದೆಲ್ಲಿ?

‘ಒಂದು ಜೋಡಿ ಇಲಿ ಮನೆ ಹೊಕ್ಕರೆ ವರ್ಷ ತುಂಬುವುದರೊಳಗೆ ಸಾವಿರ ಇಲಿ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಧಾನ್ಯದ ಗೋದಾಮು ಕಾಯುವವರಿಗೆ ಇದು ಎಚ್ಚರಿಕೆಯ ಮಾತು. ಆದರೆ ಇದನ್ನೇ ಉಳಿತಾಯದ ಲೆಕ್ಕವೆಂದು ನಂಬಿ ಇಲಿ ಸಾಕಲು ಹೊರಡುವವರೂ ಇದ್ದಾರೆ. ಅಮೆರಿಕ, ಬ್ರಿಟನ್ ಮುಂತಾದ ಕಡೆ ಹಾವನ್ನು ಮುದ್ದುಪ್ರಾಣಿಯಾಗಿ ಸಾಕುವವರು ಬಹಳ ಮಂದಿ. ಅಮೆರಿಕದ ಆಗ್ನೇಯ ರಾಜ್ಯಗಳ ಕಾರ್ನ್ ಸ್ನೇಕ್, ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್ ಇವರ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಹಾವುಗಳು. ಈ ಹಾವುಗಳಿಗೆ ಹಾಲು ಬೇಡ, ಮೊಟ್ಟೆಯೂ ಬೇಡ. ಬೇಕಾದದ್ದು ಇಲಿ. ಅಂಗಡಿಯಲ್ಲಿ ಹೆಪ್ಪುಗಟ್ಟಿಸಿದ ಇಲಿ ಸಿಗುತ್ತದೆ, ಆದರೆ ದುಡ್ಡು ಕೊಡಬೇಕು. ಹಾಗಾಗಿ ‘ನಾಲ್ಕು ಇಲಿ ತಂದು ಮನೆಯಲ್ಲೇ ಮರಿ ಮಾಡಿಸಿದರಾಯಿತು’ ಎಂಬ ಯೋಚನೆ ಬರುವುದು ಸಹಜ.

ಇಲಿ ಮರಿ ಹಾಕುವುದರಲ್ಲಿ ಅನುಮಾನವಿಲ್ಲ. ಬೇಕಾದಾಗ, ಬೇಕಾದ ಗಾತ್ರದಲ್ಲಿ, ಬೇಕಾದಷ್ಟೇ ಮರಿ ಸಿಗುವಂತೆ ಮಾಡುವುದು ಮಾತ್ರ ಬೇರೆಯೇ ಕೆಲಸ. ಅದಕ್ಕೆ ಹೆಣ್ಣುಗಳನ್ನು ಸರದಿಯ ಮೇಲೆ ಗಂಡಿನ ಜೊತೆ ಬಿಡಬೇಕು, ಸರದಿಯ ಮೇಲೆ ವಿಶ್ರಾಂತಿ ಕೊಡಬೇಕು, ವಯಸ್ಸಾದವನ್ನು ನಿವೃತ್ತಿಗೊಳಿಸಬೇಕು. ಈ ಸರದಿ ತಪ್ಪಿದರೆ ತಾಯಿ ಇಲಿ ಸೊರಗುತ್ತದೆ, ಯಾರಿಗೂ ಬೇಡದ ಮರಿಗಳು ಹುಟ್ಟಿ ಸಾಯುತ್ತವೆ, ಮನೆಯವರ ಆರೋಗ್ಯಕ್ಕೂ ಕುತ್ತು ಬರಬಹುದು.

ಮೊದಲು ಹೆಸರಿನ ಗೊಂದಲ ತೀರಿಸಿಕೊಳ್ಳೋಣ. ಹಾವಿಗೆ ಕೊಡುವ ಇಲಿಯಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು 20ರಿಂದ 40 ಗ್ರಾಂ ತೂಗುವ ಮೌಸ್; ಇಲ್ಲಿ ಅದನ್ನು ಚಿಟ್ಟಿಲಿ ಎನ್ನೋಣ. ಇನ್ನೊಂದು ಬೆಳೆದರೆ 250 ಗ್ರಾಂ ದಾಟುವ ರ‍್ಯಾಟ್. ಅದು ದೊಡ್ಡ ಇಲಿ. ನಡವಳಿಕೆಯಲ್ಲಿ ಇವೆರಡಕ್ಕೂ ಸಾಕಷ್ಟು ವ್ಯತ್ಯಾಸವಿದೆ. ಒಂದಕ್ಕೆ ಹೊಂದುವ ಸರದಿ ಇನ್ನೊಂದಕ್ಕೆ ಹೊಂದುವುದಿಲ್ಲ.

ಇಲಿಯ ದೇಹದ ಕ್ಯಾಲೆಂಡರ್

ಎರಡೂ ಜಾತಿಯ ಹೆಣ್ಣುಗಳು ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತವೆ. ಚಿಟ್ಟಿಲಿಯ ಗರ್ಭಾವಧಿ 19ರಿಂದ 21 ದಿನ, ದೊಡ್ಡ ಇಲಿಯದು 21ರಿಂದ 23 ದಿನ. ಒಂದು ಸೂಲಿಗೆ ಚಿಟ್ಟಿಲಿ ಸಾಮಾನ್ಯವಾಗಿ 6ರಿಂದ 12 ಮರಿ ಹಾಕಿದರೆ, ದೊಡ್ಡ ಇಲಿ 8ರಿಂದ 14 ಮರಿ ಹಾಕುತ್ತದೆ. ಹುಟ್ಟಿದಾಗ ಮರಿಗೆ ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ. ಸುಮಾರು ಎರಡು ವಾರಕ್ಕೆ ಕಣ್ಣು ಬಿಡುತ್ತವೆ, ಮೂರು ವಾರಕ್ಕೆ ತಾಯಿಯ ಹಾಲು ಬಿಟ್ಟು ಬದುಕಬಲ್ಲವು. ಐದಾರು ವಾರಕ್ಕೆ ಅವೇ ಮರಿ ಹಾಕುವ ಸ್ಥಿತಿಗೆ ಬರುತ್ತವೆ! ಅಣ್ಣ ತಂಗಿಯರನ್ನು ಒಂದೇ ಪಂಜರದಲ್ಲಿ ಮರೆತುಬಿಟ್ಟರೆ ಏನಾಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇದಕ್ಕಿಂತ ಹೆಚ್ಚು ಜನ ಎಡವುವ ಸಂಗತಿ ಇನ್ನೊಂದಿದೆ. ಮರಿ ಹಾಕಿದ ಒಂದು ದಿನದೊಳಗೇ ತಾಯಿ ಮತ್ತೆ ಬೆದೆಗೆ ಬರುತ್ತದೆ. ಗಂಡು ಅದೇ ಪಂಜರದಲ್ಲಿದ್ದರೆ ಆ ರಾತ್ರಿಯೇ ಮತ್ತೆ ಗಬ್ಬವಾಗಬಹುದು. ಆಗ ಒಂದು ಕಡೆ ಹತ್ತು ಮರಿಗೆ ಹಾಲೂಡಿಸುತ್ತ, ಇನ್ನೊಂದು ಕಡೆ ಹತ್ತು ಭ್ರೂಣಗಳನ್ನು ಬೆಳೆಸುವ ಹೊರೆ ಒಂದೇ ದೇಹದ ಮೇಲೆ ಬೀಳುತ್ತದೆ. ಹಾಲೂಡಿಸುವ ತಾಯಿಯಲ್ಲಿ ಭ್ರೂಣ ಗರ್ಭಕೋಶಕ್ಕೆ ಅಂಟುವುದು ಕೆಲವು ದಿನ ತಡವಾಗುವುದರಿಂದ ಮುಂದಿನ ಸೂಲು ಸ್ವಲ್ಪ ಹಿಂದೆ ಹೋಗುತ್ತದೆ, ಅಷ್ಟೆ.

ಪ್ರಯೋಗಾಲಯಗಳಲ್ಲಿ ಗಂಡನ್ನು ಹೆಣ್ಣುಗಳ ಜೊತೆಯಲ್ಲೇ ಇಟ್ಟು ಹೀಗೆ ಬಿಡುವಿಲ್ಲದೆ ಮರಿ ಪಡೆಯುವುದು ವಾಡಿಕೆ. ಅಲ್ಲಿ ತಾಪಮಾನ, ಬೆಳಕು, ಪ್ರೋಟೀನ್ ಹೆಚ್ಚಿರುವ ಆಹಾರ ಎಲ್ಲವೂ ಅಳತೆಯಲ್ಲಿರುತ್ತವೆ, ಹೆಣ್ಣುಗಳನ್ನು ಎಂಟು ತಿಂಗಳ ಆಸುಪಾಸಿನಲ್ಲಿ ಬದಲಾಯಿಸುತ್ತಾರೆ. ಉಳಿದ ಅನ್ನ, ಬ್ರೆಡ್ ಚೂರು ಹಾಕಿ ಗ್ಯಾರೇಜಿನಲ್ಲಿ ಸಾಕುವವರು ಅದನ್ನೇ ಅನುಕರಿಸಿದರೆ ತಾಯಿಯ ಬೆನ್ನೆಲುಬು ಎದ್ದು ಕಾಣತೊಡಗುತ್ತದೆ, ಸೂಲಿನಿಂದ ಸೂಲಿಗೆ ಮರಿಗಳ ಸಂಖ್ಯೆ ಇಳಿಯುತ್ತದೆ.

ಹಾವಿನ ಹೊಟ್ಟೆಯಿಂದ ಹಿಂದಕ್ಕೆ ಎಣಿಸಿ

ಎಷ್ಟು ಇಲಿ ಹುಟ್ಟಬಹುದು ಎಂಬಲ್ಲಿಂದ ಲೆಕ್ಕ ಶುರುಮಾಡುವುದೇ ತಪ್ಪು. ಹಾವು ಎಷ್ಟು ತಿನ್ನುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ಒಂದೂವರೆ ಕಿಲೋ ತೂಗುವ ಬೆಳೆದ ಬಾಲ್ ಪೈಥಾನ್ ಒಂದನ್ನು ತೆಗೆದುಕೊಳ್ಳಿ. ಎರಡು ವಾರಕ್ಕೊಮ್ಮೆ ಸುಮಾರು 100 ಗ್ರಾಮಿನ ಒಂದು ಇಲಿ ಅದಕ್ಕೆ ಸಾಕು. ಎಷ್ಟೋ ಹಾವುಗಳು ಇದಕ್ಕಿಂತ ಕಡಿಮೆ ತಿಂದೇ ಚೆನ್ನಾಗಿರುತ್ತವೆ. ಅಂದರೆ ವರ್ಷಕ್ಕೆ 26 ಇಲಿ. ಒಂದೇ ಒಂದು ಹೆಣ್ಣು ದೊಡ್ಡ ಇಲಿ ವರ್ಷಕ್ಕೆ ಐದು ಸೂಲು, ಸೂಲಿಗೆ ಹತ್ತು ಮರಿಯಂತೆ ಕೊಟ್ಟರೂ 50 ಆಯಿತು. ಒಂದು ಹಾವಿಗೆ ಒಂದು ಜೋಡಿ ಇಲಿಯೇ ದುಪ್ಪಟ್ಟು!

ಗಾತ್ರದ ಪ್ರಶ್ನೆ ಇನ್ನೂ ಬಿಗಿಯಾದದ್ದು. ದೊಡ್ಡ ಇಲಿಯ ಮರಿ ಮೂರು ವಾರಕ್ಕೆ ಸುಮಾರು 50 ಗ್ರಾಂ ಇದ್ದು, ನಾಲ್ಕರಿಂದ ಐದು ವಾರದ ನಡುವೆ 100 ಗ್ರಾಂ ದಾಟುತ್ತದೆ, ಆರು ವಾರಕ್ಕೆ ಅದಕ್ಕಿಂತ ಎಷ್ಟೋ ಮೇಲೆ ಹೋಗಿರುತ್ತದೆ. ಒಂದು ಸೂಲಿನ ಹತ್ತೂ ಮರಿಗಳು ಬೇಕಾದ ಗಾತ್ರದಲ್ಲಿರುವುದು ಹೆಚ್ಚುಕಡಿಮೆ ಒಂದೇ ವಾರ. ಆ ವಾರದಲ್ಲಿ ಹಾವು ತಿನ್ನುವುದು ಒಂದನ್ನು. ಉಳಿದ ಒಂಬತ್ತು? ಒಂದೋ ಅವು ಫ್ರೀಜರ್ ಸೇರಬೇಕು, ಇಲ್ಲವೇ ಬೆಳೆಯುತ್ತ, ತಿನ್ನುತ್ತ, ಮತ್ತೆ ಮರಿ ಹಾಕುತ್ತ ಉಳಿಯಬೇಕು. ‘ಎರಡು ಇಲಿ ಇನ್ನೂರಾದ’ ಕತೆಗಳೆಲ್ಲ ಹುಟ್ಟುವುದು ಈ ಒಂಬತ್ತರಿಂದ.

ಇನ್ನೊಂದು ದಿಕ್ಕಿನಿಂದ ನೋಡಿ. ನೂರು ಗ್ರಾಮಿನ ಇಲಿ ಇಂಥ ವಾರ ಬೇಕು ಎಂದಾದರೆ ಬೆದೆಗೆ ಕಾಯಲು ನಾಲ್ಕೈದು ದಿನ, ಗರ್ಭಕ್ಕೆ ಮೂರು ವಾರ, ಬೆಳೆಯಲು ನಾಲ್ಕರಿಂದ ಐದು ವಾರ ಹಿಡಿಯುತ್ತದೆ. ಒಟ್ಟು ಎರಡು ತಿಂಗಳು ಮುಂಚೆ ಜೋಡಿ ಕೂಡಿಸಿರಬೇಕು. ಚಳಿಗಾಲದಲ್ಲಿ ಅನೇಕ ಬಾಲ್ ಪೈಥಾನ್‌ಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಊಟ ಬಿಡುತ್ತವೆ. ಇಲಿಗಳಿಗೆ ಅದು ಗೊತ್ತಾಗುವುದಿಲ್ಲ, ಅವು ಮರಿ ಹಾಕುತ್ತಲೇ ಇರುತ್ತವೆ. ಹಾಗಾಗಿ ಹಾವು ಉಣ್ಣುವುದನ್ನು ನಿಲ್ಲಿಸಿದ ದಿನವೇ ಮುಂದಿನ ಜೋಡಿಯನ್ನೂ ತಡೆಯಬೇಕು.

ಮೂರು ಹೆಣ್ಣುಗಳ ಸರದಿ

ದೊಡ್ಡ ಇಲಿಯಲ್ಲಿ ಒಂದು ಸರಳ ಸರದಿ ಹೀಗೆ ನಡೆಯುತ್ತದೆ. ಒಂದು ಹೆಣ್ಣಿಗೆ 75 ದಿನದ ಒಂದು ಸುತ್ತು:

- 1ರಿಂದ 10ನೇ ದಿನ: ಗಂಡಿನ ಜೊತೆ. ಇಷ್ಟರಲ್ಲಿ ಎರಡು ಬೆದೆ ಬಂದುಹೋಗುತ್ತದೆ.
- 10ನೇ ದಿನ: ಗಂಡನ್ನು ಹೊರಗೆ ತೆಗೆಯುವುದು. ಮರಿ ಹಾಕುವಾಗ ಅದು ಹತ್ತಿರವಿರುವುದಿಲ್ಲ, ಹಾಗಾಗಿ ಮರುದಿನವೇ ಮತ್ತೆ ಗಬ್ಬವಾಗುವ ಪ್ರಶ್ನೆಯಿಲ್ಲ.
- 22ರಿಂದ 33ನೇ ದಿನದ ನಡುವೆ: ಮರಿ ಹಾಕುವುದು.
- ಮರಿಗಳಿಗೆ ನಾಲ್ಕು ವಾರ ತುಂಬಿದಾಗ: ಹಾಲು ಬಿಡಿಸಿ ಗಂಡುಮರಿ, ಹೆಣ್ಣುಮರಿಗಳನ್ನು ಬೇರೆ ಮಾಡುವುದು.
- ಉಳಿದ ಎರಡು ಮೂರು ವಾರ: ತಾಯಿಗೆ ಪೂರ್ಣ ವಿಶ್ರಾಂತಿ. ತೂಕ ಮೊದಲಿನ ಮಟ್ಟಕ್ಕೆ ಬಾರದಿದ್ದರೆ ಮುಂದಿನ ಸರದಿ ತಪ್ಪಿಸುವುದು.

ಮೂರು ಹೆಣ್ಣುಗಳಿದ್ದರೆ 25 ದಿನಕ್ಕೊಂದರಂತೆ ಗಂಡಿನ ಜೊತೆ ಬಿಡಬಹುದು. ವರ್ಷಕ್ಕೆ 15ರ ಹತ್ತಿರ ಸೂಲು, ಸುಮಾರು 145 ಮರಿ. ಬೆಳೆದ ಐದು ಬಾಲ್ ಪೈಥಾನ್‌ಗಳಿಗೆ ಇದು ಸಾಕು. ಈ ಮೂರೇ ಹೆಣ್ಣುಗಳ ಜೊತೆ ಗಂಡನ್ನು ವರ್ಷವಿಡೀ ಬಿಟ್ಟರೆ ಸಂಖ್ಯೆ ದುಪ್ಪಟ್ಟಾಗಬಹುದು. ತಿನ್ನುವ ಹಾವುಗಳು ದುಪ್ಪಟ್ಟಾಗಿರುವುದಿಲ್ಲ.

ದೊಡ್ಡ ಇಲಿ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ವಿಶ್ರಾಂತಿಯಲ್ಲಿರುವ ಹೆಣ್ಣುಗಳನ್ನು ಒಟ್ಟಿಗೇ ಇಡಬೇಕು, ಸರದಿ ಇಲ್ಲದ ಗಂಡಿಗೂ ಇನ್ನೊಂದು ಗಂಡಿನ ಜೊತೆ ಬೇಕು. ಈ ಜಾತಿಯಲ್ಲಿ ಗಂಡುಗಳು ಸಾಮಾನ್ಯವಾಗಿ ಹೊಂದಿಕೊಂಡು ಇರುತ್ತವೆ.

ಚಿಟ್ಟಿಲಿಯಲ್ಲಿ ಹಾಗಲ್ಲ. ಅಪರಿಚಿತ ಗಂಡು ಚಿಟ್ಟಿಲಿಗಳು ರಕ್ತ ಬರುವಂತೆ ಕಚ್ಚಾಡುತ್ತವೆ, ಹೊರಗೆ ಹೋಗಿ ಬಂದ ಗಂಡನ್ನು ಹಳೆಯ ಜೊತೆಗಾರರೂ ಸೇರಿಸುವುದಿಲ್ಲ. ಆದ್ದರಿಂದ ಇಲ್ಲಿ ಗಂಡನ್ನು ಅದರ ಪಂಜರದಲ್ಲೇ ಬಿಟ್ಟು, ಗಬ್ಬವಾದ ಹೆಣ್ಣನ್ನು ಬಾಣಂತನಕ್ಕೆ ಬೇರೆ ಕಡೆ ಒಯ್ಯುವುದು ಸರಿಯಾದ ಕ್ರಮ.

ಚಿಟ್ಟಿಲಿಯ ಸರದಿಯನ್ನು ವಾಸನೆಯೂ ಆಳುತ್ತದೆ. ಗಂಡಿಲ್ಲದೆ ಹೆಣ್ಣುಗಳನ್ನೇ ಗುಂಪಾಗಿ ಇಟ್ಟರೆ ಅವುಗಳ ಬೆದೆ ನಿಧಾನವಾಗುತ್ತದೆ, ನಿಂತೂ ಹೋಗಬಹುದು. ಗಂಡಿನ ಮೂತ್ರದ ವಾಸನೆ ತಾಕಿದ ಮೂರನೆಯ ರಾತ್ರಿಯ ಹೊತ್ತಿಗೆ ಹಲವು ಹೆಣ್ಣುಗಳು ಒಟ್ಟಿಗೇ ಬೆದೆಗೆ ಬರುತ್ತವೆ. ಇದನ್ನು 1956ರಲ್ಲಿ ವಿಟನ್ ಎಂಬ ವಿಜ್ಞಾನಿ ವಿವರಿಸಿದರು. ಹಾಗಾಗಿ ಗಂಡಿನ ಪಂಜರದ ಹಳೆಯ ಹೊಟ್ಟನ್ನು ಒಂದು ಹಿಡಿ ಹೆಣ್ಣುಗಳ ಪಂಜರಕ್ಕೆ ಹಾಕಿ, ಮೂರು ದಿನ ಬಿಟ್ಟು ಜೋಡಿ ಮಾಡಿದರೆ ಸೂಲುಗಳು ಹತ್ತಿರ ಹತ್ತಿರದ ದಿನಗಳಲ್ಲಿ ಆಗುತ್ತವೆ. 1959ರಲ್ಲಿ ಹಿಲ್ಡಾ ಬ್ರೂಸ್ ಇನ್ನೊಂದು ಸಂಗತಿ ತೋರಿಸಿದರು: ಕೂಡಿದ ಕೆಲವೇ ದಿನಗಳಲ್ಲಿ ಬೇರೊಂದು ಅಪರಿಚಿತ ಗಂಡಿನ ವಾಸನೆ ತಾಕಿದರೆ ಹೆಣ್ಣು ಚಿಟ್ಟಿಲಿಯ ಗರ್ಭ ನಿಲ್ಲದೆ ಹೋಗಬಹುದು. ‘ಈ ಗಂಡು ಪ್ರಯೋಜನವಿಲ್ಲ’ ಎಂದು ನಾಲ್ಕನೇ ದಿನವೇ ಗಂಡು ಬದಲಿಸುವವರು ಆಗತಾನೇ ನಿಂತ ಗರ್ಭವನ್ನು ತಾವೇ ಕಳೆದಿರುತ್ತಾರೆ.

ತಾಯಿ ಮರಿ ತಿನ್ನುವುದೇಕೆ?

‘ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ತಿಂದುಬಿಡುತ್ತದೆ’ ಎಂಬ ನಂಬಿಕೆ ಎಲ್ಲ ಕಡೆ ಇದೆ. ಸಾಕುವವರ ಕೈವಾಸನೆಗೆ ಒಗ್ಗಿದ ಇಲಿ ಕೇವಲ ಮುಟ್ಟಿದ ಕಾರಣಕ್ಕೆ ಹಾಗೆ ಮಾಡುವುದು ಅಪರೂಪ. ಸಾಮಾನ್ಯ ಕಾರಣಗಳು ಬೇರೆ: ನೀರಿನ ಬಾಟಲಿಯ ನಳಿಕೆ ಕಟ್ಟಿಕೊಂಡಿರುವುದು, ಪ್ರೋಟೀನ್ ಸಾಲದಿರುವುದು, ಗೂಡು ಕಟ್ಟಲು ಕಾಗದ-ಹುಲ್ಲು ಇಲ್ಲದಿರುವುದು, ಪಂಜರದಲ್ಲಿ ಕಿಕ್ಕಿರಿದಿರುವುದು, ಗದ್ದಲ. ಸತ್ತ ಅಥವಾ ರೋಗದ ಮರಿಯನ್ನು ತಾಯಿ ತಿಂದು ಗೂಡು ಚೊಕ್ಕಟ ಮಾಡುವುದೂ ಉಂಟು. ಒಂದು ಸೂಲಿನಲ್ಲಿ ಹೀಗಾದರೆ ಸಾಕುವವರು ಪರೀಕ್ಷಿಸಬೇಕಾದದ್ದು ನೀರು, ಆಹಾರ, ಜಾಗ. ಮತ್ತೆ ಮತ್ತೆ ಹಾಗೆಯೇ ಆದರೆ ಆ ಹೆಣ್ಣನ್ನು ಸರದಿಯಿಂದ ಬಿಡಿಸಬೇಕು.

ತಾಪಮಾನವೂ ಮುಖ್ಯ. ಇಲಿ ನಮ್ಮಂತೆ ಮೈ ಬೆವರಿ ತಣ್ಣಗಾಗಲಾರದು. 20ರಿಂದ 24 ಡಿಗ್ರಿ ಸೆಲ್ಸಿಯಸ್ ಅವಕ್ಕೆ ಹಿತ. 30 ಡಿಗ್ರಿ ದಾಟಿದ ಕೋಣೆಯಲ್ಲಿ ಗಂಡುಗಳ ಫಲವತ್ತತೆ ಕುಗ್ಗುತ್ತದೆ, ಗಬ್ಬದ ಹೆಣ್ಣುಗಳು ಸಾಯಲೂಬಹುದು. ಹಾವಿನ ಬೆಚ್ಚಗಿನ ಕೋಣೆಯಲ್ಲೇ ಇಲಿಯನ್ನೂ ಇಡುವುದು ಈ ಕಾರಣಕ್ಕೇ ಸರಿಯಲ್ಲ.

ಒಂದೇ ರಕ್ತ ಸುತ್ತಿದರೆ

ಒಂದು ಗಂಡು, ಮೂರು ಹೆಣ್ಣು ಇರುವ ಗುಂಪಿನಲ್ಲಿ ಎಣಿಸಲು ನಾಲ್ಕು ಪ್ರಾಣಿಗಳಿವೆ. ಹುಟ್ಟುವ ಎಲ್ಲ ಮರಿಗಳಿಗೂ ಅಪ್ಪ ಒಂದೇ ಆದ್ದರಿಂದ ವಂಶವಾಹಿಗಳ ಲೆಕ್ಕದಲ್ಲಿ ಅದು ಮೂರು ಪ್ರಾಣಿಗೆ ಸಮ. ಇಂಥ ಗುಂಪಿನಲ್ಲಿ ಪ್ರತಿ ತಲೆಮಾರಿಗೆ ಒಳಸಂಬಂಧ ಸುಮಾರು ಶೇ. 17ರಷ್ಟು ಏರುತ್ತದೆ. ನಾಲ್ಕು ಗಂಡು, ನಾಲ್ಕು ಹೆಣ್ಣು ಇದ್ದರೆ ಈ ಏರಿಕೆ ಶೇ. 6ರ ಆಸುಪಾಸಿಗೆ ಇಳಿಯುತ್ತದೆ. ಅಣ್ಣ ತಂಗಿಯನ್ನು ಒಮ್ಮೆ ಕೂಡಿಸಿದರೆ ಹುಟ್ಟುವ ಮರಿಯಲ್ಲಿ ಅದು ಒಂದೇ ಸಲಕ್ಕೆ ಶೇ. 25.

ಒಳಸಂಬಂಧದಿಂದ ತಕ್ಷಣ ವಿಕಾರ ಮರಿ ಹುಟ್ಟುತ್ತದೆ ಎಂಬುದು ಅತಿಶಯ. ಮೊದಲು ಕಾಣುವುದು ಸಪ್ಪೆ ಲಕ್ಷಣಗಳು: ಸೂಲಿಗೆ ಹತ್ತಿದ್ದ ಮರಿ ಏಳಾಗುವುದು, ತೂಕ ನಿಧಾನವಾಗಿ ಏರುವುದು, ಬೇಗ ರೋಗ ಹಿಡಿಯುವುದು. ವರ್ಷಕ್ಕೆ ಮೂರು ತಲೆಮಾರು ಓಡುವ ಪ್ರಾಣಿಯಲ್ಲಿ ಇವೆಲ್ಲ ಬೇಗ ಕಂಡುಬರುತ್ತವೆ.

ಇದಕ್ಕೂ ಸರದಿಯಲ್ಲೇ ಪರಿಹಾರವಿದೆ. 1960ರಲ್ಲಿ ಸ್ಯಾಮ್ಯುಯೆಲ್ ಪಾಯ್ಲಿ ಪ್ರಯೋಗಾಲಯದ ಪ್ರಾಣಿಗಳಿಗಾಗಿ ಇಂಥ ಒಂದು ಕ್ರಮಬದ್ಧ ಸರದಿಯನ್ನು ಪ್ರಕಟಿಸಿದರು. ಮನೆಮಟ್ಟಕ್ಕೆ ಇಳಿಸಿ ಹೇಳುವುದಾದರೆ, ಇಲಿಗಳನ್ನು ಕೆಂಪು, ಹಳದಿ, ನೀಲಿ ಎಂದು ಮೂರು ಗುಂಪು ಮಾಡಿ. ಹೆಣ್ಣುಮಕ್ಕಳು ಹುಟ್ಟಿದ ಗುಂಪಿನಲ್ಲೇ ಉಳಿಯಲಿ. ಕೆಂಪಿನ ಮಗ ಹಳದಿಗೆ, ಹಳದಿಯ ಮಗ ನೀಲಿಗೆ, ನೀಲಿಯ ಮಗ ಕೆಂಪಿಗೆ ಹೋಗಲಿ. ಅಣ್ಣ ತಂಗಿ, ಅಪ್ಪ ಮಗಳು ಕೂಡುವುದು ಇದರಿಂದ ತಪ್ಪುತ್ತದೆ. ಆದರೆ ಮೂರೇ ಗುಂಪಾದ್ದರಿಂದ ಸಂಬಂಧ ನಿಧಾನವಾಗಿ ಸುತ್ತಿ ಬಂದೇ ಬರುತ್ತದೆ. ಆಗಾಗ ಹೊರಗಿನ ಇಲಿ ತರಬೇಕು, ತಂದದ್ದನ್ನು ಎರಡರಿಂದ ನಾಲ್ಕು ವಾರ ಬೇರೆ ಕೋಣೆಯಲ್ಲಿ ಇಟ್ಟು ನೋಡಬೇಕು.

ಇದೆಲ್ಲ ನೆನಪಿನಲ್ಲಿ ಉಳಿಯುವ ಸಂಗತಿಯಲ್ಲ, ಪುಸ್ತಕದಲ್ಲಿ ಬರೆಯಲೇಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ರ್ಯಾನ್‌ಬಿಯಲ್ಲಿ ಆಬಿ ಲ್ಯಾತ್ರಪ್ ಎಂಬ ಮಾಜಿ ಶಿಕ್ಷಕಿ 1900ರ ಸುಮಾರಿಗೆ ಮಾರಾಟಕ್ಕೆಂದು ಚಿಟ್ಟಿಲಿ ಸಾಕತೊಡಗಿದರು. ಯಾವ ಇಲಿ ಯಾವುದರ ಮರಿ ಎಂಬುದನ್ನು ಅವರು ಎಚ್ಚರದಿಂದ ದಾಖಲಿಸುತ್ತಿದ್ದರು. ಆ ದಾಖಲೆಯಿಂದಲೇ ಅವರ ಇಲಿಗಳು ಹಾರ್ವರ್ಡ್‌ನ ವಿಜ್ಞಾನಿಗಳಿಗೆ ಬೇಕಾದವು. ಇಂದು ಜಗತ್ತಿನಾದ್ಯಂತ ಪ್ರಯೋಗಾಲಯಗಳಲ್ಲಿ ಬಳಸುವ ‘ಸಿ57’ ತಳಿಯ ಮೂಲ ಅವರ ಸಂಗ್ರಹದ 57ನೇ ಸಂಖ್ಯೆಯ ಹೆಣ್ಣು.

ಮನೆಯವರ ಆರೋಗ್ಯ

ಮೂತ್ರ ಕೊಳೆತು ಹೊಮ್ಮುವ ಅಮೋನಿಯಾ ಇಲಿಯ ಶ್ವಾಸಕೋಶವನ್ನೂ ಕೆಡಿಸುತ್ತದೆ, ಮನುಷ್ಯರದ್ದನ್ನೂ ಕೆಣಕುತ್ತದೆ. ಇಲಿ ಮೂತ್ರದ ಪ್ರೋಟೀನ್ ಕೆಲವರಲ್ಲಿ ಅಲರ್ಜಿ, ಉಬ್ಬಸ ತರುತ್ತದೆ.

ಇದಕ್ಕಿಂತ ಗಂಭೀರವಾದದ್ದು ಸೋಂಕು. 2012ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಇಲಿ ಸಾಕಣೆ ಕೇಂದ್ರವೊಂದರ ಕೆಲಸಗಾರರಿಗೆ ಎಲ್‌ಸಿಎಂವಿ ಎಂಬ ವೈರಸ್ ತಗುಲಿತ್ತು. ಕಾಡಿನಿಂದ ಅಥವಾ ಮೋರಿಯಿಂದ ನುಗ್ಗುವ ಇಲಿಯಿಂದ ಸಾಕಿದ ಇಲಿಗೆ ಇದು ದಾಟಬಲ್ಲದು. ಗರ್ಭಿಣಿಗೆ ಬಂದರೆ ಗರ್ಭಪಾತವಾಗಬಹುದು, ಮಗುವಿನ ಮೆದುಳು ಮತ್ತು ಕಣ್ಣಿಗೆ ಹಾನಿಯಾಗಬಹುದು. 2017ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಮನೆಯಲ್ಲಿ ದೊಡ್ಡ ಇಲಿ ಸಾಕುವವರಲ್ಲಿ ಸಿಯೋಲ್ ವೈರಸ್ ಪತ್ತೆಯಾಯಿತು. ‘ಹೆಪ್ಪುಗಟ್ಟಿಸಿದರೆ ರೋಗಾಣು ಸಾಯುತ್ತದೆ’ ಎಂಬುದೂ ಸುಳ್ಳು. ಬ್ರಿಟನ್, ಅಮೆರಿಕಗಳಲ್ಲಿ ಹೆಪ್ಪುಗಟ್ಟಿಸಿದ ಇಲಿಗಳಿಂದಲೇ ಜನರಿಗೆ ಸಾಲ್ಮೊನೆಲ್ಲಾ ಹರಡಿದ್ದಿದೆ. ಆದ್ದರಿಂದ ಇಲಿಯ ಪಂಜರ ಅಡುಗೆಮನೆಯಲ್ಲಿರಬಾರದು, ಇಲಿಯ ಫ್ರೀಜರ್ ಬೇರೆಯೇ ಇರಬೇಕು, ಪಂಜರ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಮನೆಯಲ್ಲಿ ಗರ್ಭಿಣಿಯೋ ಎಳೆಮಗುವೋ ಇದ್ದರೆ ಸಾಕಣೆಯನ್ನೇ ಕೈಬಿಡುವುದು ಕ್ಷೇಮ.

ಕೊಲ್ಲುವ ಮಾತು

ಇಲ್ಲಿ ಮುಖ ತಿರುಗಿಸುವಂತಿಲ್ಲ. ಹಾವಿಗಾಗಿ ಇಲಿ ಸಾಕುವವರು ಇಲಿಯ ಸಾವಿಗೂ ಹೊಣೆಗಾರರು. ಜೀವಂತ ಇಲಿ ಬಿಟ್ಟರೆ ಹಾವಿಗೆ ‘ಬೇಟೆಯ ತೃಪ್ತಿ’ ಎಂದು ಕೆಲವರು ಹೇಳುತ್ತಾರೆ. ಹಸಿವಿಲ್ಲದ ಹಾವಿನ ಜೊತೆ ರಾತ್ರಿಯಿಡೀ ಬಿಟ್ಟ ದೊಡ್ಡ ಇಲಿ ಹಾವನ್ನೇ ಕಚ್ಚಿ ಆಳವಾದ ಗಾಯ ಮಾಡಬಲ್ಲದು. ಹೆಪ್ಪುಗಟ್ಟಿಸಿದ ಇಲಿಯನ್ನು ಕರಗಿಸಿ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಕೊಟ್ಟರೆ ಹೆಚ್ಚಿನ ಹಾವುಗಳು ತಿನ್ನಲು ಕಲಿಯುತ್ತವೆ.

ಜೀವಂತ ಇಲಿಯನ್ನು ಫ್ರೀಜರಿಗೆ ಹಾಕುವುದು ಕ್ರೌರ್ಯ. ಅನಿಲ ಬಳಸುವವರೂ ಗೊತ್ತುಮಾಡಿಕೊಳ್ಳಬೇಕಾದ ಸಂಗತಿಯೊಂದಿದೆ: ಆಗತಾನೇ ಹುಟ್ಟಿದ ಮರಿ ಆಮ್ಲಜನಕದ ಕೊರತೆಯನ್ನು ಬಹಳ ಹೊತ್ತು ತಡೆದುಕೊಳ್ಳುತ್ತದೆ. ದೊಡ್ಡ ಇಲಿಗೆ ಸಾಕಾಗುವ ಅವಧಿಯಲ್ಲಿ ಅದು ಸತ್ತಂತೆ ಕಂಡು ಮತ್ತೆ ಉಸಿರಾಡಬಹುದು. ಈ ಕೆಲಸವನ್ನು ಪಶುವೈದ್ಯರ ಬಳಿ ಕಲಿಯದೆ ಮೊದಲ ಜೋಡಿಯನ್ನು ಕೂಡಿಸಬಾರದು.

ಹಾಗಾದರೆ ಯಾರು ಸಾಕಬೇಕು?

ಭಾರತದಲ್ಲಿರುವವರಿಗೆ ಪ್ರಶ್ನೆ ಹಾವಿನಿಂದಲೇ ಶುರುವಾಗುತ್ತದೆ. ನಾಗರಹಾವು, ಕೇರೆ, ಹೆಬ್ಬಾವಿನಂಥ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಹೊರದೇಶಗಳಲ್ಲಿರುವ ಕನ್ನಡಿಗರೂ ತಾವಿರುವ ಊರಿನ ಕಾನೂನನ್ನು, ಬಾಡಿಗೆ ಮನೆಯಾದರೆ ಕರಾರನ್ನು ಓದಿಕೊಳ್ಳಬೇಕು.

ಕಾನೂನಿನ ತೊಡಕಿಲ್ಲದವರಿಗೆ ಉತ್ತರ ಸರಳ. ಒಂದೋ ಎರಡೋ ಹಾವಿದ್ದವರಿಗೆ ಮನೆಯಲ್ಲಿ ಇಲಿ ಸಾಕಣೆ ಉಳಿತಾಯವಲ್ಲ. ವರ್ಷಕ್ಕೆ 26 ಇಲಿ ಕೊಳ್ಳುವ ಖರ್ಚು ತಪ್ಪಿಸಲು ವರ್ಷವಿಡೀ ಆಹಾರ, ಹೊಟ್ಟು, ಶುಚಿ, ಫ್ರೀಜರ್ ಇವುಗಳ ಖರ್ಚು ಹೊತ್ತಂತಾಗುತ್ತದೆ, ಮೇಲೆ ಬೇಡದ ಮರಿಗಳ ಸಾವು ಬೇರೆ. ಐದಕ್ಕಿಂತ ಹೆಚ್ಚು ಹಾವುಗಳಿದ್ದು, ಬೇರೆ ಕೋಣೆಯಿದ್ದು, ದಿನವೂ ದಾಖಲೆ ಬರೆಯುವ ಶಿಸ್ತಿದ್ದು, ನೋವಿಲ್ಲದೆ ಕೊಲ್ಲುವ ವಿಧಾನ ಕಲಿತವರಿಗೆ ಮಾತ್ರ ಇದು ಹೊಂದುವ ಕೆಲಸ. ಅವರೂ ಮುಂದಿನ ಜೋಡಿ ಕೂಡಿಸುವ ಮೊದಲು ಫ್ರೀಜರ್ ತೆರೆದು ಎಣಿಸಬೇಕು. ಎರಡು ತಿಂಗಳಿಗೆ ಸಾಕಾಗುವಷ್ಟು ಅಲ್ಲಿದ್ದರೆ ಆ ಸಲದ ಸರದಿಯನ್ನು ಬಿಡಬೇಕು.